ಊಟಕ್ಕೆ ಹಾಕಿಕೊಳ್ಳುವ ಪದಕಗಳು

ಸೈನ್ಯಕ್ಕೂ ನನಗೂ ಇದ್ದ ಸಂಬಂಧ ಇಷ್ಟೇ: ಕಾಲೇಜಿನಲ್ಲಿ ಎನ್‌ಸಿಸಿಯಿಂದ ತಪ್ಪಿಸಿಕೊಂಡಿದ್ದೆ. ಆದರೂ ಸೈನ್ಯಾಧಿಕಾರಿಗಳ ಪುಟ್ಟ ಪದಕಗಳನ್ನು ಕೂಡಿಡುವ ಚಟ ಹತ್ತಿತು. ಅಂದಿನಿಂದ ಮರ್ಯಾದೆ ಕಳೆಯುವ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ನನ್ನ ವಿಳಾಸ ಕೇಳಿಕೊಂಡು ಬರುತ್ತವೆ.

ವಕೀಲರ ಹೊಟ್ಟೆ

ಕವಾಯತಿನಲ್ಲಿ ಧರಿಸುವ ದೊಡ್ಡ ಪದಕದ ಅಂಚಿನಲ್ಲಿ ಅಧಿಕಾರಿಯ ಹೆಸರು ಕೊರೆದಿರುತ್ತದೆ. ಅದರ ಅರ್ಧ ಗಾತ್ರದ ನಕಲನ್ನು ಅವರು ಮೆಸ್ಸಿನ ಔತಣಕ್ಕೆ, ಗಿಡ್ಡ ಕೋಟಿನ ಮೇಲೆ ಹಾಕಿಕೊಳ್ಳುತ್ತಾರೆ. ಈ ನಕಲಿನ ಮೇಲೆ ಹೆಸರಿರುವುದಿಲ್ಲ. ಯಾರದ್ದೆಂದು ಪತ್ತೆ ಹಚ್ಚುವುದೇ ಈ ಚಟದ ಸುಖ, ಸುಖವೆಂಬುದಿದ್ದರೆ.

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ನಮ್ಮ ಪಕ್ಕದ ಮನೆಯ ವಕೀಲರು ಒಂದು ದಿನ ನನ್ನ ಡಬ್ಬಿಯಲ್ಲಿ ಇಣುಕಿದರು.

"ಇವು ಯಾಕ ಇಷ್ಟ ಸಣ್ಣ ಅದಾವ್ರಿ?"

"ಊಟಕ್ಕ ಕೂಡೋ ಮುಂದ ಹಾಕ್ಕೊಳ್ಳೋವು. ಅದಕ್ಕ ಅರ್ಧಾ ಸೈಜು."

ವಕೀಲರು ತಮ್ಮ ಹೊಟ್ಟೆಯನ್ನು ಸವರಿಕೊಂಡರು. "ಊಟಕ್ಕ ಪದಕ ಕೊಡ್ತಾರಂದ್ರ, ನನಗ ಪೂರಾ ಸೈಜೇ ಕೊಡಬೇಕಾಗ್ತದ."

ಮಹಾರಾಜನ ಪಗಡಿ

ಹುಬ್ಬಳ್ಳಿಯಲ್ಲಿ ಶಾಲೆಗಳ ವಾರ್ಷಿಕ ಗ್ಯಾದರಿಂಗಿಗೆ ವೇಷದ ಬಟ್ಟೆ ಬಾಡಿಗೆ ಕೊಡುವ ಒಂದು ಅಂಗಡಿಯಿದೆ. ಅಲ್ಲಿ ಮಹಾರಾಜನೊಬ್ಬನ ಪಗಡಿಯ ಮೇಲೆ, ತುರಾಯಿಯ ಜಾಗದಲ್ಲಿ, ಪುಟ್ಟ ಪದಕಗಳ ಒಂದು ಸಾಲು ಕಂಡಿತು. ನಕಲಿ ಮುತ್ತುಗಳ ನಡುವೆ ಅಸಲಿ ಪದಕ.

"ಇವು ಎಲ್ಲಿಂದ ಬಂದ್ವು?"

"ಹಳೇ ಅರಿವಿ ತಗೊಂಡು ಸ್ಟೀಲಿನ ಭಾಂಡೆ ಕೊಡ್ತಾಳಲ್ಲರಿ ಒಬ್ಬಾಕಿ, ಆಕಿ ಗಂಟಿನ್ಯಾಗ ಒಂದು ಕೋಟಿತ್ತು. ಅದಕ್ಕ ಹಚ್ಚಿದ್ದವು."

"ಕೋಟು ಎಲ್ಲೈತಿ?"

"ಲಗ್ನದ ಬ್ಯಾಂಡಿನವರು ಒಯ್ದರು."

ನನಗೆ ಸಿಟ್ಟು ಬಂತು. "ಇದರಾಗ ಒಂದು ಯುದ್ಧದಾಗ ಗಾಯ ಆದವರಿಗೆ ಕೊಡೋ ಪದಕ, ಗೊತ್ತೈತೇನು?"

ಅಂಗಡಿಯವನು ತನ್ನ ಹೆಬ್ಬೆರಳು ತೋರಿಸಿದ. "ಹಂಗಾರ ನನಗೂ ಒಂದು ಬರಬೇಕ್ರಿ. ಅದರ ಪಿನ್ನು ಎಷ್ಟ ಸಲ ಚುಚ್ಚೇತಿ!"

ಉಪನ್ಯಾಸ

ಆ ಸಾಲನ್ನು ಕೊಂಡು ತಂದು, ಬಹಳ ದಿನ ಅದರ ಹಿಂದೆ ಬಿದ್ದೆ. ಗಾಯದ ಪದಕ ಇತ್ತು, ಹಿಮದ ಗಡಿಯಲ್ಲಿ ಇದ್ದವರಿಗೆ ಕೊಡುವ ಪದಕ ಇತ್ತು. ಇಪ್ಪತ್ತು ವರ್ಷ ದುಡಿದವರಿಗೆ ಕೊಡುವ ದೀರ್ಘ ಸೇವೆಯ ಪದಕ ಮಾತ್ರ ಇರಲಿಲ್ಲ. ಒಂದು ಪದಕದ ಬಣ್ಣದ ಪಟ್ಟಿಯನ್ನು ನೇರಳೆ ದಾರದಿಂದ ಹೊಲಿದಿದ್ದರು. ಧಾರವಾಡದಲ್ಲಿ ಒಂದು ಸಂಘದವರು ಉಪನ್ಯಾಸಕ್ಕೆ ಕರೆದಾಗ ಪದಕಗಳನ್ನು ಮೇಜಿನ ಮೇಲಿಟ್ಟು ನನ್ನ ಸಂಶೋಧನೆಯನ್ನು ಮಂಡಿಸಿದೆ: ಇವನ್ನು ಧರಿಸಿದ ತರುಣ ಅಧಿಕಾರಿ ಗಾಯದಿಂದ ಚೇತರಿಸಿಕೊಳ್ಳಲಿಲ್ಲ, ತೀರಿಕೊಂಡ, ನೇರಳೆ ದಾರ ಅವನ ಪಲ್ಟನ್ನಿನ ದರ್ಜಿಯ ಗುರುತು.

ಮುಂದಿನ ಸಾಲಿನಿಂದ ದಪ್ಪ ಕನ್ನಡಕದ ಮುದುಕಿಯೊಬ್ಬರು ಎದ್ದು ಬಂದು ಮೇಜಿನ ಮೇಲೆ ಬಗ್ಗಿದರು. ನಿವೃತ್ತ ಶಾಲಾ ಶಿಕ್ಷಕಿ. ಊರೆಲ್ಲ ಅವರನ್ನು ಅಕ್ಕೋರು ಎನ್ನುತ್ತದೆಂದು ಆಮೇಲೆ ತಿಳಿಯಿತು.

"ಇದು ನನ್ನ ಸೀರಿ ಫಾಲಿನ ದಾರ. ನಾನ ಹೊಲದದ್ದು. ಮತ್ತ ಅಂವ ಸತ್ತಿಲ್ಲ. ನಮ್ಮಣ್ಣ. ಮನ್ಯಾಗ ಕುಂತಾನ."

"ಮತ್ತ ದೀರ್ಘ ಸೇವೆಯ ಪದಕ ಯಾಕಿಲ್ರಿ?"

"ಅವ್ವಗ ಲಕ್ವಾ ಹೊಡೀತು. ನಾನು ಸಾಲಿಗೆ ಹೋಗಬೇಕು. ಅವ್ವನ ಯಾರು ನೋಡಬೇಕು? ನೌಕರಿ ಬಿಟ್ಟು ಬಂದ."

ಸಭೆ ಚಪ್ಪಾಳೆ ತಟ್ಟಿತು, ನನಗಲ್ಲ. ಕೊನೆಗೆ ವಂದನಾರ್ಪಣೆ ಮಾಡಿದವರು ನನ್ನನ್ನೂ ಬಿಡಲಿಲ್ಲ: "ಒಂದೇ ತಾಸಿನೊಳಗೆ ಒಬ್ಬರನ್ನು ಸಾಯಿಸಿ ಬದುಕಿಸಿ ಕೊಟ್ಟ ಸಂಶೋಧಕರಿಗೆ ಧನ್ಯವಾದಗಳು."

ಮೆಸ್ಸು

ಹೊರಗೆ ಬಂದ ಮೇಲೆ ಅಕ್ಕೋರು ಹೇಳಿದರು. ಅಣ್ಣ ಮೇಜರ್ ಆಗಿದ್ದವರು. ಈಗ ನೆನಪು ಹೋಗಿ, ಮನೆಯೇ ಅವರಿಗೆ ಅಧಿಕಾರಿಗಳ ಮೆಸ್ಸಾಗಿದೆ.

"ಹಳೇ ಅರಿವಿ ಜೋಡಿ ಆ ಕೋಟೂ ಕೊಟ್ಟು ಒಂದು ತಾಟು ತಗೊಂಡೆ. ಮಡಚಿ ಇಟ್ಟದ್ದಕ್ಕ ಒಳಗ ಇವು ಹಚ್ಚಿದ್ದು ಕಾಣಲಿಲ್ಲ. ಈಗ ಅದ ತಾಟಿನ್ಯಾಗ ಬಡಿಸಿದ್ರ ಮುಟ್ಟವಲ್ಲ. ಪದಕ ಇಲ್ದ ಮೆಸ್ಸಿನ್ಯಾಗ ಹ್ಯಾಂಗ ಕೂಡ್ಲಿ ಅಂತಾನ. ಒಣಗಿ ಕಡ್ಡಿ ಆಗ್ಯಾನ. ಇವನ್ನ ಕೊಡ್ರಿ."

ಸಂಗ್ರಾಹಕ ಪದಕ ಕೊಡುವುದಿಲ್ಲ. ದಿನಾ ಊಟದ ಹೊತ್ತಿಗೆ ನಾನೇ ತಂದು, ಊಟವಾದ ಮೇಲೆ ಒಯ್ಯುತ್ತೇನೆ ಎಂದೆ. ಕಾಪಿ ಹೊಡೆದು ಸಿಕ್ಕಿಬಿದ್ದವನನ್ನು ನೋಡುವ ಹಾಗೆ ಅವರು ನನ್ನನ್ನು ನೋಡಿದರು. "ಬರ್ರಿ" ಎಂದರು.

ಮರುದಿನ ಊಟದ ಹೊತ್ತಿಗೆ ಮೇಜರ್ ಸಾಹೇಬರ ಸ್ವೆಟರಿಗೆ ಅಕ್ಕೋರು ಪದಕ ಚುಚ್ಚಿದರು. ಬಾಗಿದ್ದ ಬೆನ್ನು ನೆಟ್ಟಗಾಯಿತು. ಸಾಹೇಬರು ನನ್ನ ಎದೆ ನೋಡಿದರು.

"ನಿಮ್ಮವು ಎಲ್ಲಿ?"

"ಪಾಲಿಶಿಗೆ ಕೊಟ್ಟೇನಿ ಸರ್."

"ನಾಳೆ ಹಾಕ್ಕೊಂಡು ಬರ್ರಿ. ಕೂಡ್ರಿ."

ರೊಟ್ಟಿ, ಎಣ್ಣೆಗಾಯಿ, ಮೊಸರನ್ನ. ಸಾಹೇಬರು ಎಲ್ಲವನ್ನೂ ಉಂಡರು. ಅಡುಗೆಮನೆಯಲ್ಲಿ ನಲ್ಲಿ ಸುಮ್ಮನೆ ಹರಿಯುತ್ತಿತ್ತು. ಅಕ್ಕೋರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮೆಸ್ಸಿನಲ್ಲಿ ಹಿರಿಯ ಅಧಿಕಾರಿ ಏಳುವ ತನಕ ಯಾರೂ ಏಳುವಂತಿಲ್ಲ. ಸಾಹೇಬರು ಉಂಡು ಮುಗಿಸಿ, ಏಳುವುದನ್ನೇ ಮರೆತರು. ನಾನು ಸ್ವಲ್ಪ ಎದ್ದೆ.

"ಲೆಫ್ಟಿನೆಂಟ್, ಸಿಟ್!"

ಎಂಜಲ ಕೈ ಒಣಗಿ ಚರಚರ ಎನ್ನತೊಡಗಿತು. ಅಕ್ಕೋರು ಬಂದು ನನ್ನ ಸ್ಥಿತಿ ನೋಡಿದರು. "ಹುಬ್ಬಳ್ಳಿ ಬಸ್ಸಿನ ಆಸೆ ಬಿಡ್ರಿ. ನಾ ಅಂತೂ ಇಂವ ಏಳೂ ತನಕ ಒಂದು ಸೀರಿಯಲ್ ನೋಡಿ ಮುಗಸ್ತೇನಿ."

ಕೈ ತೊಳೆಯುವುದು

ಒಂದು ದಿನ ಪದಕಗಳನ್ನು ಅಲ್ಲೇ ಮರೆತು ಬಂದೆ. ಮರುದಿನವೂ ಮರೆತೆ. ಮರೆವು ಅಂಟುರೋಗವಿರಬೇಕು, ಆಮೇಲೆ ಅವನ್ನು ಒಯ್ಯುವುದು ನೆನಪಾಗಲೇ ಇಲ್ಲ. ಊಟಕ್ಕೆ ಹೋಗುವುದು ಮಾತ್ರ ತಪ್ಪಲಿಲ್ಲ.

ಚಳಿಗಾಲದಲ್ಲಿ ಸಾಹೇಬರು ತೀರಿಕೊಂಡರು. ನನ್ನ ಸಂಶೋಧನೆ ಕೊನೆಗೂ ನಿಜವಾಯಿತು.

ಹದಿಮೂರನೆಯ ದಿನದ ಊಟಕ್ಕೆ ಕರೆದಿದ್ದರು. ಅಕ್ಕೋರು ಪದಕಗಳನ್ನು ಒಂದು ಕರವಸ್ತ್ರದಲ್ಲಿ ಸುತ್ತಿ ತಂದು ಕೈಗಿತ್ತರು.

"ತಗೋರಿ. ಈಗ ಹೆಸರೂ ಗೊತ್ತಾತಲ್ಲ ನಿಮಗ."

ಪದಕಗಳ ಸಾಲಿಗೆ ಇನ್ನೂ ಸ್ವೆಟರಿನ ಉಣ್ಣೆಯ ಎಳೆ ಅಂಟಿಕೊಂಡಿತ್ತು. ಅದನ್ನು ತೆಗೆಯಲಿಲ್ಲ.

ಪಂಕ್ತಿಯಲ್ಲಿ ಕೂತು ಉಂಡೆವು. ಮೊಸರನ್ನ ಮುಗಿಯಿತು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಕೈ ತೊಳೆಯಲು ಹೋದರು. ಎಲೆ ಎತ್ತುವವರು ಬಂದು ನನ್ನ ಮುಂದೆ ನಿಂತರು. ನಾನು ಎದುರಿನ ಖಾಲಿ ಮಣೆ ನೋಡುತ್ತ ಕೂತಿದ್ದೆ. ಕೈ ಒಣಗಿ ಚರಚರ ಎನ್ನುತ್ತಿತ್ತು.

ಅಕ್ಕೋರು ಬಂದು ನೋಡಿದರು. ಅವರಿಗೆ ಮೊದಲು ನಗೆ ಬಂತು.

"ಏಳ್ರಿ ಲೆಫ್ಟಿನೆಂಟ್, ಕೈ ತೊಳ್ಕೋರಿ. ಈ ಸಲ ಅಂವ ಮೊದಲ ಎದ್ದಾನ."