ಪೆನ್‌ಡ್ರೈವಿಗೆ ಕುಂಕುಮ

ಹೊಸದುರ್ಗದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ, ಬರ ಏನಿದ್ದರೂ ನೆಮ್ಮದಿಗೆ. ನಾನು ಗಿರಾಕಿಗಳಿಗೆ ಹಾಕಿಕೊಡುವ ಆಪರೇಟಿಂಗ್ ಸಿಸ್ಟಂ ನಕಲಿ, ಅದಿರುವುದು ಒಂದು ಪೆನ್‌ಡ್ರೈವಿನಲ್ಲಿ. ರಸ್ತೆಯಲ್ಲಿ ಜೀಪು ನಿಂತರೆ ಸಾಕು, ನಕಲಿ ಹಿಡಿಯುವ ಚೆಕಿಂಗ್‌ನವರೇ ಬಂದರು ಅಂತ ಅದನ್ನು ಬಚ್ಚಿಡಲು ಓಡುತ್ತೇನೆ.

ತೂಕವಿಲ್ಲದ ಮಾಲು

ಒರಿಜಿನಲ್ ಮಾರಲೂ ನೋಡಿದ್ದೆ. ಕೊಬ್ಬರಿ ಮಂಡಿ ಸಾಹುಕಾರರು ಮಗಳಿಗೆ ಅಂತ ಹನ್ನೆರಡು ಸಾವಿರಕ್ಕೆ ಹಳೇ ಕಂಪ್ಯೂಟರ್ ಕೊಂಡರು. ಒರಿಜಿನಲ್ ಸಿಸ್ಟಂ ಹಾಕಿಸಿದರೆ ಮೇಲೆ ಇನ್ನೂ ಹತ್ತು ಸಾವಿರ ಅಂದೆ.

"ಎಲ್ಲಿ, ಮಾಲು ತೋರ್ಸಪ್ಪ."

ಒರಿಜಿನಲ್ ಅಂದರೆ ಕಂಪ್ಯೂಟರಿಗೆ ಹೊಡೆಯುವ ಒಂದು ನಂಬರ್ ಅಷ್ಟೇ; ತರಿಸಿಟ್ಟಿದ್ದ ಆ ನಂಬರಿನ ಚೀಟಿ ಕೊಟ್ಟೆ. ಅಂಗೈ ಮೇಲಿಟ್ಟು ತೂಗಿ ನೋಡಿದರು.

"ಕೊಬ್ಬರಿ ಹಸಿ ಇದ್ರೆ ತೂಕದಾಗೆ ಕಳೀತೀವಿ. ಇದ್ರಾಗೆ ಕಳಿಯಾಕೂ ಏನೂ ಇಲ್ವಲ್ಲೋ!"

ಮೇಷ್ಟ್ರ ಉಪಾಯ

ರಾಮಗಿರಿಯ ನಿವೃತ್ತ ಮೇಷ್ಟ್ರು ಫೋನ್ ಮಾಡಿದರು. ನಾನು ಸಿಸ್ಟಂ ಹಾಕಿಕೊಟ್ಟಿದ್ದ ಅವರ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಇದು ಅಸಲಿ ಅಲ್ಲ ಅಂತ ಇಂಗ್ಲಿಷಿನಲ್ಲಿ ಬರ್ತಾ ಇದೆಯಂತೆ. ಯಾರಿಗೂ ತೋರಿಸಬೇಡಿ ಅಂತ ಬೇಡಿಕೊಂಡು ಬೈಕ್ ಹತ್ತಿ ಓಡಿದೆ. ಹೋಗಿ ನೋಡಿದರೆ ಆ ಬರಹದ ಮೇಲೆ ದಪ್ಪ ಕುಂಕುಮದ ಬೊಟ್ಟು.

"ಯಾರ್ ಕೇಳಿದ್ರೂ ಪೂಜೆದು ಅಂತೀನಿ. ಹೆದರ್ಬ್ಯಾಡಲೇ, ನಿನ್ ಗಿರಾಕಿಗಳಿಗೆಲ್ಲ ಹೇಳ್ಕೊಟ್ಟೀನಿ!"

ಮನೆದೇವರು

ಆಯುಧ ಪೂಜೆಯ ದಿನ ಹೊಳಲ್ಕೆರೆಯಲ್ಲಿ ಚೆಕಿಂಗ್ ಆಯಿತು ಅಂತ ಗಾಳಿಸುದ್ದಿ. ಪೆನ್‌ಡ್ರೈವ್ ಬಚ್ಚಿಡೋಣ ಅಂತ ಅಂಗಡಿಗೆ ಓಡಿ ಬಂದರೆ, ನನ್ನಾಕೆ ಆಗಲೇ ಅದನ್ನು ಸ್ಕ್ರೂಡ್ರೈವರ್‌ಗಳ ಜೊತೆ ಮಣೆ ಮೇಲಿಟ್ಟು, ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿದ್ದಾಳೆ.

"ನಮ್ಗೆ ಅನ್ನ ಕೊಡೋದು ಅದೇ ಅಲ್ವೇನ್ರಿ? ಮಂಗಳಾರತಿ ಆಗೋತನ್ಕ ಮುಟ್ಬ್ಯಾಡ್ರಿ."

ಅಷ್ಟರಲ್ಲಿ ಜೀಪು ನಿಂತಿತು. ಇನ್‌ಶರ್ಟ್ ಮಾಡಿದ ಅಪರಿಚಿತರೊಬ್ಬರು ಬ್ಯಾಗ್ ಹಿಡಿದು ಒಳಗೆ ಬಂದರು.

"ಇಲ್ಲಿ ಒರಿಜಿನಲ್ ಹಾಕ್ತೀರೋ, ಬೇರೇದೋ?"

"ಬೇರೇದು ಕೈಯಲ್ಲೂ ಮುಟ್ಟಲ್ಲ ಸಾರ್."

"ಮಣೆ ಮ್ಯಾಲೆ ಏನೈತೆ?"

"ಅದು... ನಮ್ ಮನೆದೇವ್ರು ಸಾರ್."

ಅವರು ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ಬ್ಯಾಗಿನ ಜಿಪ್ ಎಳೆದರು. ಅಂಗಡಿಗೆ ಬೀಗ ಬಿತ್ತು, ಇನ್ನು ಸಂಸಾರದ ಗತಿ ಏನು ಅಂದುಕೊಂಡೆ. ಹೊರಬಂದದ್ದು ಲ್ಯಾಪ್‌ಟಾಪು. ತೆರೆದರೆ ಪರದೆಯ ಮೂಲೆಯಲ್ಲಿ ದಪ್ಪ ಕುಂಕುಮದ ಬೊಟ್ಟು.

"ರಾಮಗಿರಿ ಮೇಷ್ಟ್ರು ನಮ್ ಮಾವ. ಅವ್ರು ಹೇಳ್ದಂಗೆ ಕುಂಕುಮ ಇಟ್ಟೆ, ಆದ್ರೂ ಅಸಲಿ ಅಲ್ಲ ಅಂತ ಬರೋದು ನಿಲ್ಲಲಿಲ್ಲ," ಅಂದವರು ಮಣೆಯತ್ತ ಕೈ ತೋರಿಸಿದರು. "ಮಂಗಳಾರತಿ ಆದ್ಮ್ಯಾಲೆ ನಿಮ್ ಮನೆದೇವ್ರನ್ನ ಇದಕ್ಕೊಂದ್ಸಲ ಚುಚ್ಚಿ ಕೊಡ್ರಿ."