ಫುಟ್‌ವಾಲ್ವ್ ಜೋಗುಳ

ನನ್ನ ಅಳಿಯ ನನ್ನ ಮಗಳನ್ನು ಮದುವೆಯಾಗಲು ಒಪ್ಪಿಗೆಯೆಂದು ಈವರೆಗೂ ಬಾಯಿಬಿಟ್ಟು ಹೇಳಿಲ್ಲ! ಮದುವೆಯಾಗಿದೆ, ಮಗುವೂ ಆಗಿದೆ. ಇನ್ನು ಹೇಳದಿದ್ದರೂ ನಷ್ಟವಿಲ್ಲ ಬಿಡಿ.

ಹೆಣ್ಣು ನೋಡಲು ಬಂದ ದಿನ ಅವನ ಕಡೆಯವರೆಲ್ಲ ಮಾತಾಡಿದರು. ಅವನು ಮಾತ್ರ ಗೋಳಿಬಜೆ ತಿಂದು, ಚಾ ಕುಡಿದು, ಗೋಡೆಯ ಕ್ಯಾಲೆಂಡರನ್ನು ಮೊದಲ ಸಲ ಕಂಡವನಂತೆ ನೋಡುತ್ತಾ ಕುಳಿತಿದ್ದ. ಮಗಳು ತಟ್ಟೆ ಹಿಡಿದು ಎದುರಿಗೆ ಬಂದು ನಿಂತಳು. "ಎಂತ ಮಾರಾಯ, ಹೇಗುಂಟು?" ಎಂದು ಅವನ ಚಿಕ್ಕಪ್ಪ ಮೊಣಕೈಯಿಂದ ತಿವಿದರು. ಅವನು ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಆಲಿಸಿ ಗಂಭೀರವಾಗಿ ಹೇಳಿದ:

"ಬೇರಿಂಗ್ ಹೋಗಿದೆ."

ಹೇಳಿದ್ದು ಹಿತ್ತಿಲ ಬಾವಿಯಲ್ಲಿ ಓಡುತ್ತಿದ್ದ ನಮ್ಮ ಪಂಪಿನ ಬಗ್ಗೆ. ಅದು ಗೊತ್ತಾಗುವಷ್ಟರಲ್ಲಿ ಮಗಳು ತಟ್ಟೆ ಕುಕ್ಕಿ ಒಳಗೆ ಹೋಗಿ ಆಗಿತ್ತು. ಅವನು ಅಂಗಿಯ ತೋಳು ಮಡಚಿ ಬಾವಿಕಟ್ಟೆಗೆ ನಡೆದ, ಪೇಟೆಯಿಂದ ಹೊಸ ಬೇರಿಂಗ್ ತರಿಸಿ ಹಾಕಿದ, ಹಳೆಯದನ್ನು ಕಿಸೆಗೆ ಸೇರಿಸಿಕೊಂಡು ಹೊರಟುಹೋದ. ನೆನಪಿಗೆಂದು ಒಂದು ವಸ್ತು ಒಯ್ದವನು ಮತ್ತೆ ಬರದೆ ಇರುತ್ತಾನೆಯೇ? ಒಪ್ಪಿಗೆ ಎಂದೇ ನಾನು ತೀರ್ಮಾನಿಸಿದೆ.

ಮಂಗಳೂರಿನ ಆಚೆ, ಮಲಯಾಳ ನಾಡಿನ ಗಡಿಯೊಳಗಿನ ಅನಂತಪುರದ ಕೈಗಾರಿಕಾ ಎಸ್ಟೇಟಿನ ಹತ್ತಿರ ಅವನ ಪಂಪು ರಿಪೇರಿಯ ಅಂಗಡಿ. ಗಿರಾಕಿಗಳಿಗೆ ಅವನು ಹೇಳುವುದು ಒಂದೇ ಮಾತು: "ನಾಳೆ." ಚಿಕ್ಕವನಿದ್ದಾಗ ಶಾಲೆಯಲ್ಲಿ ಒಮ್ಮೆ ಏನೋ ಉತ್ತರ ಹೇಳಿದನಂತೆ, ಇಡೀ ತರಗತಿ ನಕ್ಕಿತಂತೆ. ಆಮೇಲೆ ಮಾಸ್ಟರು ಪ್ರಶ್ನೆ ಕೇಳಿದಾಗಲೆಲ್ಲ ಎದ್ದು ನಿಲ್ಲುವುದು, ಪೆಟ್ಟು ತಿನ್ನುವುದು, ಕೂತುಕೊಳ್ಳುವುದು. ಹಾಗೆಯೇ ಶಾಲೆ ಮುಗಿಯಿತು. ತನಗೆ ಮಗಳು ಹುಟ್ಟಿದಾಗ ಅವಳ ಮುಖ ನೋಡಿ ಹೆಂಡತಿಗೆ ಹೇಳಿದನಂತೆ: "ಇವಳು ನನ್ನ ಹಾಗೆ ಆಗಬಾರದು."

ನನ್ನ ಮಗಳು ಕೆಲಸಕ್ಕೆಂದು ಬೆಳಗಿನ ರೈಲಿನಲ್ಲಿ ಮಂಗಳೂರಿಗೆ ಹೋಗುವವಳು. ಹಾಗಾಗಿ ಮಗುವಿನ ಉಸ್ತುವಾರಿಗೆ ನಾನು ಬಂದು ನಿಂತೆ. ಹಾಸ್ಟೆಲಿನಲ್ಲಿ ಬೆಳೆದು, ಡ್ರಿಲ್ ಟೀಚರಾಗಿ ನಿವೃತ್ತಳಾದವಳು ನಾನು. ಸ್ನಾನ, ಊಟ, ನಿದ್ದೆ ಎಲ್ಲದಕ್ಕೂ ಗಂಟೆ ಗೊತ್ತುಮಾಡಿದೆ. ಮಾತಿಗೆ ಗಂಟೆ ಗೊತ್ತುಮಾಡುವುದು ಮಾತ್ರ ನನಗೆ ಹೊಳೆದಿರಲಿಲ್ಲ.

ಅದನ್ನು ಹೊಳೆಯಿಸಿದ್ದು, ಅಳಿಯನೂ ನಾನೂ ಮಗುವನ್ನು ಆಸ್ಪತ್ರೆಗೆ ಒಯ್ದ ದಿನ ಚುಚ್ಚುಮದ್ದು ಕೊಟ್ಟ ನರ್ಸು. "ಮಗುವಿನ ಹತ್ತಿರ ದಿನಾ ಮಾತಾಡಬೇಕು. ಅಪ್ಪ ಅಮ್ಮ ಮಾತಾಡಿದ ಹಾಗೆ ಅದರ ಮಾತು ಬೆಳೆಯುವುದು. ಮುಂದೆ ಕಲಿಯುವುದಕ್ಕೂ ಅದೇ ಬುನಾದಿ" ಎಂದರು. ಅಳಿಯನ ಮುಖ ಹಗ್ಗವಿಲ್ಲದೆ ಬಾವಿಗೆ ಇಳಿ ಎಂದು ಹೇಳಿಸಿಕೊಂಡವನದಂತಾಯಿತು. ಬಸ್ಸಿನ ದಾರಿಯುದ್ದಕ್ಕೂ ಬೆವರಿದ. ಇಳಿದ ಮೇಲೆ ಕೇಳಿದ:

"ಅತ್ತೆ, ಎಂತ ಮಾತಾಡುವುದು?"

"ನಿನಗೆ ಗೊತ್ತಿದ್ದದ್ದು ಮಾತಾಡು ಮಾರಾಯ!" ಎಂದೆ.

ಇಂಥ ಸಲಹೆಯನ್ನು ಸ್ವಲ್ಪ ಯೋಚಿಸಿ ಕೊಡಬೇಕಿತ್ತು! ಮರುದಿನ ಬೆಳಿಗ್ಗೆ ತೊಟ್ಟಿಲ ಬಳಿ ಇದು ಕೇಳಿಸಿತು:

"ನೋಡು ಪುಟ್ಟೀ, ಬಾವಿಯ ಅಡಿಯಲ್ಲಿ ಒಂದು ಫುಟ್‌ವಾಲ್ವ್ ಉಂಟು. ಅದಕ್ಕೆ ಕಸ ಸಿಕ್ಕಿದರೆ ಪೈಪಿನ ನೀರೆಲ್ಲ ಕೆಳಗೆ ಇಳಿದುಹೋಗುತ್ತದೆ. ಆಗ ಎಂತ ಮಾಡುವುದು?"

ಕೇಳಿ ಕಾಯುತ್ತಾನೆ! ಹಲ್ಲು ಬಾರದ ಮಗುವಿನ ಉತ್ತರಕ್ಕೆ!

"ಅಗ್ಗೂ" ಎಂದಳು ಪುಟ್ಟಿ.

"ಅಲ್ಲ, ಮೋಟಾರು ಬಿಚ್ಚುವುದು ಆಮೇಲೆ. ಮೊದಲು ಪೈಪಿಗೆ ನೀರು ತುಂಬಿಸಬೇಕು."

"ಙ್ಙೂ."

"ಹಾಂ! ಈಗ ನೀನು ಹೇಳಿದ್ದು ಸರಿ."

ಹೀಗೆ ಹಗಲಿಡೀ. ತೊಟ್ಟಿಲು ಅಂಗಡಿಗೆ ಹೋಯಿತು. ಕುಂಬ್ಡಾಜೆಯ ಕೃಷಿಕರೊಬ್ಬರು ನನ್ನಲ್ಲಿ ದೂರು ಹೇಳಿದರು: "ಟೀಚರೇ, ಮೋಟಾರಿಗೆ ಎಂತ ಆಗಿದೆ ಅಂತ ನಾನು ಕೇಳಿದರೆ 'ನಾಳೆ' ಅಂತಾನೆ. ಮಗುವಿಗೆ ಮಾತ್ರ ಬುಡದಿಂದ ತುದಿವರೆಗೆ ವಿವರಿಸ್ತಾನೆ. ಮೋಟಾರು ನನ್ನದಲ್ವಾ?" ಕೊನೆಗೆ ಅವರು ತೊಟ್ಟಿಲ ಪಕ್ಕದಲ್ಲೇ ಕುರ್ಚಿ ಹಾಕಿ ಕೂತು ವಿಷಯ ತಿಳಿದುಕೊಂಡರು.

ಫಲ ಬೇಗನೆ ಬಂತು. ಊರಿನ ಮಕ್ಕಳೆಲ್ಲ ಮೊದಲು "ಅಮ್ಮ" ಎಂದರೆ ನಮ್ಮ ಪುಟ್ಟಿ ಕರೆಂಟು ಹೋದ ಹೊತ್ತಿನಲ್ಲಿ ಸ್ಪಷ್ಟವಾಗಿ "ತಿಪ್ಪು!" ಎಂದಳು. ಟ್ರಿಪ್ಪು ಎಂದು ತಂದೆ ಭಾಷಾಂತರಿಸಿದ. ಮಾತು ಕೂಡಿಸಲು ಬಂದಮೇಲಂತೂ ಮನೆಯಲ್ಲಿ ಯಾರಿಗೂ ಉಳಿಗಾಲವಿಲ್ಲ. (ಮನೆಯಲ್ಲಿ ನಡೆಯುವುದು ಹೆಚ್ಚಾಗಿ ತುಳು. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಮಧ್ಯಾಹ್ನ ನಾನು ಸ್ವಲ್ಪ ಕಣ್ಣುಮುಚ್ಚಿ ಗೊರಕೆ ಹೊಡೆದರೆ, "ಅಜ್ಜಿಗೆ ಗ್ರೀಸ್ ಹಾಕಬೇಕು" ಎಂದು ಎಲ್ಲರಿಗೂ ಕೇಳುವಂತೆ ಸಾರುತ್ತಾಳೆ. ದುಬೈಯಿಂದ ಬಂದ ಬಂಧುವೊಬ್ಬರು ಸೋಫಾದಲ್ಲಿ ಕುಳಿತು ತಮ್ಮ ವೈಭವವನ್ನು ಬಹಳ ಹೊತ್ತು ಬಣ್ಣಿಸಿದರು. ಪುಟ್ಟಿ ತಲೆ ಓರೆ ಮಾಡಿ ಕೇಳಿ ಅಪ್ಪನಿಗೆ ವರದಿ ಒಪ್ಪಿಸಿದಳು:

"ಅಪ್ಪಾ, ಗಾಳಿ ಎಳೀತಾ ಉಂಟು. ನೀರು ಬರುವುದಿಲ್ಲ."

ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಓಡಿದೆ. ನಗಲು ಅಡುಗೆಮನೆಯೇ ಕ್ಷೇಮ!

ಆದರೆ ಇಂಥ ಮಾತು ಶಾಲೆಯಲ್ಲಿ ನಡೆಯುತ್ತದೆಯೇ? ಒಂದನೇ ತರಗತಿಗೆ ಸೇರುವ ದಿನ ಹತ್ತಿರವಾದಂತೆ ಅಳಿಯನ ಊಟ ಇಳಿಯಿತು. "ಅತ್ತೆ, ಎಲ್ಲರೂ ನಕ್ಕರೆ?" ಎಂದು ಕೇಳಿದ. "ನಕ್ಕರೆ ನಗಲಿ" ಎಂದೆ. "ನಕ್ಕರೆ ಬಾಯಿ ಮುಚ್ಚಿಹೋಗ್ತದೆ ಅತ್ತೆ" ಎಂದ.

ಪ್ರವೇಶೋತ್ಸವದ ದಿನ ಅಳಿಯ ಅಂಗಿಯ ಗುಂಡಿಗಳನ್ನೆಲ್ಲ ಒಂದೊಂದು ತೂತು ಕೆಳಗೆ ಹಾಕಿಕೊಂಡು ಬಂದಿದ್ದ. ಶಾಲೆಯ ಹಾಲಿನಲ್ಲಿ ಬಲೂನು, ಲಾಡು, ಮೈಕು. ಹೊಸ ಮಕ್ಕಳು ಒಬ್ಬೊಬ್ಬರಾಗಿ ಮೈಕಿನ ಮುಂದೆ ಹೆಸರು ಹೇಳಬೇಕು. ಕೆಲವರು ಅತ್ತರು, ಒಬ್ಬ ಮೈಕನ್ನೇ ನೆಕ್ಕಿದ. ಪುಟ್ಟಿಯ ಸರದಿ ಬಂದಾಗ ಮಲಯಾಳ ನಾಡಿನ ತೆಂಕಣ ಜಿಲ್ಲೆಯೊಂದರಿಂದ ಹೊಸದಾಗಿ ಬಂದ, ತುಳು ಬಾರದ ಮಲಯಾಳಂ ಟೀಚರು ಪ್ರೀತಿಯಿಂದ ಬಾಗಿ ಕೇಳಿದರು: "ಮೋಳೇ, ಪೇರೆಂದಾ?"

ಮಗಳೇ, ಹೆಸರೇನು ಎಂದು ಕೇಳಿದ್ದು. ಮಲಯಾಳದಲ್ಲಿ ಪೇರ್ ಎಂದರೆ ಹೆಸರು. ನಮ್ಮ ತುಳುವಿನಲ್ಲಿ ಪೇರ್ ಎಂದರೆ ಹಾಲು!

"ಪೇರ್ ಬೊಡ್ಚಿ" ಎಂದಳು ಪುಟ್ಟಿ. ಹಾಲು ಬೇಡವಂತೆ. ಅಲ್ಲಿಗೇ ನಿಲ್ಲಿಸದೆ, "ಚಾ ಉಂಡಾ?" ಎಂದು ವಿಚಾರಿಸಿದಳು.

ಹಾಲಿಗೆ ಹಾಲೇ ನಕ್ಕಿತು. ಬೆಂಚು ತಟ್ಟಿ ನಕ್ಕರು. ಮೈಕಿನ ಮುಂದೆ ಪುಟ್ಟಿ ಬಾಯಿ ಮುಚ್ಚಿ ಎಲ್ಲರನ್ನೂ ನೋಡಿದಳು. ನನ್ನ ಪಕ್ಕದಲ್ಲಿ ಅಳಿಯ ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಎಂತಕ್ಕೆ ನಗುವುದು?" ಎಂದಿತು ಮೈಕು.

ಕೇಳಿ, ಉತ್ತರಕ್ಕೆ ಕಾಯುತ್ತಾ ನಿಂತಳು! ನಗುವವರು ಒಬ್ಬೊಬ್ಬರಾಗಿ ನಿಲ್ಲಿಸಬೇಕಾಯಿತು. ಹೆಡ್‌ಮಾಸ್ಟರು ಎದ್ದು ಬಂದು, "ಟೀಚರು ಕೇಳಿದ್ದು ನಿನ್ನ ಹೆಸರು ಮಗಾ" ಎಂದರು.

"ಹಾಗಾದರೆ ಹೆಸರು ಅಂತ ಕೇಳಬೇಕಲ್ಲಾ!" ಎಂದು ತಿದ್ದಿ, ಹೆಸರು ಹೇಳಿದಳು. ಮಲಯಾಳಂ ಟೀಚರೇ ಮೊದಲು ಚಪ್ಪಾಳೆ ತಟ್ಟಿದರು.

"ಅಬ್ಬಬ್ಬಾ! ಇಷ್ಟು ಮಾತು ಕಲಿಸಿದ್ದು ಯಾರು? ಅಜ್ಜಿಯಾ?" ಎಂದು ಕೇಳಿದ ಹೆಡ್‌ಮಾಸ್ಟರು ನನ್ನ ಕಡೆ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ.

"ಅಲ್ಲ" ಎಂದಳು ಪುಟ್ಟಿ. "ಅಜ್ಜಿ 'ಏಳು, ಕೂತುಕೋ, ಮಲಗು' ಅಂತ ಮಾತ್ರ ಹೇಳುವುದು. ನಮ್ಮ ಅಪ್ಪ ತುಂಬಾ ಮಾತಾಡ್ತಾರೆ."

ಅಲ್ಲಿದ್ದ ಅರ್ಧ ಜನ ಅವನ ಗಿರಾಕಿಗಳು. ವರ್ಷಗಳಿಂದ ಅವನ ಬಾಯಲ್ಲಿ "ನಾಳೆ" ಬಿಟ್ಟು ಬೇರೆ ಕೇಳಿದವರಲ್ಲ. ಅವರೆಲ್ಲ ಹಿಂದೆ ತಿರುಗಿ ಅವನನ್ನು ನೋಡಿದರು. ಈ ಸಲ ಒಬ್ಬರೂ ನಗಲಿಲ್ಲ.

ಅಳಿಯ ಸರಳು ಬಿಡದೆ ನನ್ನ ಕಡೆ ಬಾಗಿದ.

"ಅತ್ತೆ, ಅವಳು ಎಂತ ಹೇಳಿದ್ದು?"

ಮೈಕಿನಲ್ಲಿ ಹೇಳಿದ ಮಾತು. ರಸ್ತೆಯಾಚೆಯ ಬಸ್‌ಸ್ಟಾಂಡಿಗೂ ಕೇಳಿಸಿರಬೇಕು. ಆದರೂ ನಾನು ಅವನ ಕಿವಿಯ ಹತ್ತಿರ ಹೋಗಿ, ಒಂದಕ್ಷರ ಬಿಡದೆ, ನಿಧಾನವಾಗಿ ಇನ್ನೊಮ್ಮೆ ಹೇಳಿದೆ.