ನನಗಿಂತ ಮೊದಲು ರೈಲು ಹತ್ತಿದ ಗಂಟು

ಇತಿಹಾಸ ಎಂದರೆ ಇಸವಿಗಳಿರಬೇಕು ಎಂಬುದು ನನಗೂ ಗೊತ್ತು. ನಾಳೆ ರವಿವಾರ ಅಕ್ಕಲಕೋಟೆಯ ವಾಚನಾಲಯದಲ್ಲಿ ‘ನಮ್ಮ ಸೀಮೆಗೆ ರೈಲು ಬಂದ ಇತಿಹಾಸ’ ಎಂದು ನಾನು ಭಾಷಣ ಮಾಡಬೇಕಾಗಿದೆ. ಅಲ್ಲಿನ ಕಾರ್ಯದರ್ಶಿಗಳು ಸೊಲ್ಲಾಪುರದ ನಮ್ಮ ಮನೆಗೇ ಬಂದು, “ನೀವು ರೈಲಿನಾಗ ಭಾಳ ತಿರಗ್ಯಾಡೀರಿ, ನಿಮ್ಮನ್ನ ಬಿಟ್ರ ಯಾರಿಗೆ ಗೊತ್ತದರಿ?” ಎಂದರು. ಈ ಲೆಕ್ಕದಲ್ಲಿ ರಸ್ತೆಗಳ ಇತಿಹಾಸವನ್ನು ಟಾಂಗಾದ ಕುದುರೆಯಿಂದ ಬರೆಸಬೇಕು. ಆದರೆ ಹೋಗುವಾಗ ಅವರು ನನ್ನನ್ನು ‘ವಿದ್ವಾಂಸರು’ ಎಂದುಬಿಟ್ಟರು. ಗಿರಣಿಯ ಗುಮಾಸ್ತನಿಗೆ ಆ ಮಾತು ವರ್ಷಕ್ಕೊಮ್ಮೆಯೂ ಸಿಗುವುದಿಲ್ಲ, ಒಪ್ಪಿಕೊಂಡೆ. ಒಂದು ತಿಂಗಳು ಕಂಡಕಂಡವರನ್ನು ಕೇಳಿ ಇಸವಿಗಳನ್ನೆಲ್ಲ ಒಂದು ವಹಿಯಲ್ಲಿ ಬರೆದಿಟ್ಟೆ. ಹಾಗಿದ್ದೂ ಈ ಬರಹದಲ್ಲಿ ಒಂದೇ ಒಂದು ಇಸವಿ ಇಲ್ಲ. ಅಕ್ಷರಗಳೂ ಬೆರಳುದ್ದ ಆಗಿವೆ. ಕಾರಣ ಕೊನೆಗೆ ಹೇಳುತ್ತೇನೆ, ಅಲ್ಲಿಯವರೆಗೆ ನನ್ನನ್ನು ಸೋಮಾರಿ ಎನ್ನಬೇಡಿ.

ಸಮುದ್ರದ ಊರುಗಳಿಗೆ ಬಂದರು ಇರುತ್ತದಂತೆ. ನಮ್ಮ ಸೊಲ್ಲಾಪುರಕ್ಕೆ ದೊಡ್ಡ ಕೆರೆಯೇನೋ ಇದೆ, ಆದರೆ ಅದರಲ್ಲಿ ಬರುವ ಹಡಗಿಲ್ಲ. ಹತ್ತಿ ಹೋಗುವುದಕ್ಕೂ ಬೀಗರು ಬರುವುದಕ್ಕೂ ರೈಲೇ ಗತಿ. ಅದಾದರೂ ಪುಣ್ಯವಂತ ಊರು, ರೈಲು ಬಾಗಿಲಿಗೇ ಬಂದು ನಿಲ್ಲುತ್ತದೆ. ನಾನು ಹುಟ್ಟಿದ ಅಕ್ಕಲಕೋಟೆಯ ಹಣೆಬರಹ ಬೇರೆ. ನಮ್ಮೂರ ಹೆಸರು ಹೊತ್ತ ಸ್ಟೇಷನ್ನು ಊರಿಂದ ಏಳು ಮೈಲಿ ಆಚೆ ಇದೆ. ಏಕೆ ಹಾಗೆ ಎಂದು ಕೇಳಿದರೆ ಊರಿನ ಒಬ್ಬೊಬ್ಬ ಹಿರಿಯರೂ ಒಂದೊಂದು ಕಥೆ ಹೇಳುತ್ತಾರೆ. ಹೊಗೆಗೆ ಊರಿನ ಮಲ್ಲಿಗೆ ಕಪ್ಪಾಗುತ್ತದೆಂದು ಹೆಂಗಸರು ಬೇಡವೆಂದರಂತೆ. ಅಳತೆಯ ಸಾಹೇಬನಿಗೆ ಬಿಸಿಲು ಬಡಿದು, ಅವನು ಕುಳಿತಲ್ಲೇ ಸ್ಟೇಷನ್ನು ಬಂತಂತೆ. ನಮ್ಮಜ್ಜ ಮಾತ್ರ, “ನಮ್ಮೂರ ಮಂದೀನ ನೋಡಿ ಅಂಜಿ ಅಲ್ಲೇ ನಿಂತದ” ಎನ್ನುತ್ತಿದ್ದರು. ಮೂರರಲ್ಲಿ ನನಗೆ ನಂಬಿಕೆ ಬರುವುದು ಅಜ್ಜನ ಮಾತಿನ ಮೇಲೆ.

ಅಂಜುವುದಕ್ಕೆ ಕಾರಣವೂ ಇತ್ತು. ರೈಲಿಗೆ ಇರುವುದು ವೇಳಾಪತ್ರಿಕೆ, ನಮ್ಮ ಮನೆಗೆ ಇರುವುದು ಪಂಚಾಂಗ. ಎರಡಕ್ಕೂ ಹುಟ್ಟಾ ಹಗೆ. ರೈಲು ಹೊರಡುವಾಗ ನಮ್ಮಲ್ಲಿ ರಾಹುಕಾಲ, ನಮ್ಮ ಮುಹೂರ್ತಕ್ಕೆ ಅಲ್ಲಿ ರೈಲೇ ಇಲ್ಲ. ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯವೇ ಪ್ರಸ್ಥಾನ ಇಡುವುದು. ಒಳ್ಳೆಯ ಗಳಿಗೆಯಲ್ಲಿ ಪ್ರಯಾಣಿಕನ ಒಂದು ಧೋತರ, ಹಿಡಿ ಅಕ್ಕಿ, ಅಡಿಕೆ, ಅರಿಶಿಣ ಇಷ್ಟನ್ನು ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಟ್ಟುಬಂದರಾಯಿತು, ಆ ಗಳಿಗೆಗೇ ಅವನು ಹೊರಟಂತೆ. ಆಮೇಲೆ ಎರಡು-ನಾಲ್ಕು ದಿನ ಅವನು ಮನೆಯಲ್ಲಿ ಉಂಡುಟ್ಟು ಮಲಗಬಹುದು. ಹೊರಡುವ ದಿನ ಗಂಟು ಎತ್ತಿಕೊಂಡು ನಡೆದರೆ ಸರಿ. ಪಂಚಾಂಗಕ್ಕೆ ಇಷ್ಟು ಸಲೀಸಾಗಿ ಟೋಪಿ ಹಾಕುವ ಮಂದಿ ಬೇರೆಲ್ಲಾದರೂ ಇದ್ದಾರೆಯೇ?

ಇಪ್ಪತ್ತು ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಸೊಲ್ಲಾಪುರದ ಒಂದು ಗಿರಣಿಯ ಆಫೀಸಿನಿಂದ ನನಗೆ ಕರೆ ಬಂತು, ಬುಧವಾರ ಹನ್ನೊಂದು ಗಂಟೆಗೆ ಮೆಟ್ರಿಕ್ ಸರ್ಟಿಫಿಕೇಟು ಸಮೇತ ಹಾಜರಾಗಬೇಕೆಂದು. ನೌಕರಿಯ ಹಿಂದೆ ಇನ್ನೊಂದು ವಿಷಯವಿತ್ತು. ಹನ್ನೂರಿನಲ್ಲಿ ಶಾಂತವ್ವ ಎಂಬ ಹುಡುಗಿಯನ್ನು ನೋಡಿ ಬಂದಿದ್ದೆ. ಚಹಾ ಕೊಡುವಾಗ ಬಸಿಯಲ್ಲಿದ್ದದ್ದನ್ನು ನನ್ನ ಧೋತರದ ಮೇಲೆ ಚೆಲ್ಲಿ ನಕ್ಕಿದ್ದಳು. ಅಂದಿನಿಂದ ನನಗೆ ಬೇರೆ ಹುಡುಗಿ ಬೇಡವಾಗಿತ್ತು. ಅವಳಪ್ಪ ಖಡಾಖಂಡಿತ ಮನುಷ್ಯ. “ಸೊಲ್ಲಾಪುರದಾಗ ನೌಕರಿ ಹತ್ತಿತಂದ್ರ ಹುಡುಗಿ ಕೊಡತೀನಿ. ಇಲ್ಲಂದ್ರ ಮರವಡೆ ಊರಿನವರು ಕೇಳಾಕತ್ತಾರ, ಅವರಿಗೆ ಹೂಂ ಅಂತೀನಿ” ಎಂದಿದ್ದರು.

ಮಠದ ಅಯ್ಯನವರು ಪಂಚಾಂಗ ಬಿಚ್ಚಿ, ಮಂಗಳವಾರ ಬುಧವಾರ ಎರಡೂ ದಿನ ಆ ದಿಕ್ಕಿಗೆ ಶೂಲ, ಹೊರಡಬಾರದು, ಸೋಮವಾರ ಮಧ್ಯಾಹ್ನ ಪ್ರಸ್ಥಾನ ಇಡಿರಿ ಎಂದರು. ನಾಲ್ಕು ಇಂಗ್ಲಿಷ್ ಪುಸ್ತಕ ಓದಿದ್ದ ನಾನು ನಕ್ಕೆ. ಆಯಿ, ಅಂದರೆ ನಮ್ಮ ಅಜ್ಜಿ, ನಗಲಿಲ್ಲ. ಧೋತರದ ಜೊತೆಗೆ ಗಿರಣಿಯ ಕಾಗದವನ್ನೂ ಸರ್ಟಿಫಿಕೇಟನ್ನೂ ಗಂಟಿಗೆ ಸೇರಿಸಿದಳು. “ಅದ್ಯಾಕ ಆಯಿ?” ಎಂದರೆ, “ಬರೇ ಧೋತರ ಹೋಗಿ ಏನ ಮಾಡ್ತದೋ? ನೌಕರಿ ಧೋತರಕ್ಕ ಬೇಕಾಗೇದೇನು?” ಎಂದಳು. ನಾಲ್ಕೂ ಪುಸ್ತಕಗಳನ್ನು ಬದಿಗಿಟ್ಟೆ. ಗಂಟನ್ನು ಊರಂಚಿನ ಮಲ್ಕಪ್ಪ ಕಾಕಾನ ಮನೆಯಲ್ಲಿ ಇಟ್ಟುಬಂದೆ. ಕಾಕಾ ಅಪ್ಪನ ತಮ್ಮ, ಒಂಟಿ ಜೀವ. ಮನೆ ಸ್ಟೇಷನ್ನಿನ ದಾರಿಯಲ್ಲೇ ಇತ್ತು, ಎತ್ತಿನ ಗಾಡಿಯೂ ಇತ್ತು. ಬುಧವಾರ ಬೆಳಿಗ್ಗೆ ಗಂಟು ಎತ್ತಿಕೊಂಡು ಅದೇ ಗಾಡಿಯಲ್ಲಿ ಹೋಗುವುದೆಂದು ನನ್ನ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದೆ. ಕಾಕಾನಿಗೆ ಹೇಳುವುದು ಮರೆತಿತ್ತು.

ಬುಧವಾರ ಹೋಗಿ ನೋಡಿದರೆ ಬಾಗಿಲಿಗೆ ಅಂಗೈಯಗಲದ ಬೀಗ! ಪಕ್ಕದ ಮನೆಯ ನೀಲವ್ವ ಕಸ ಗುಡಿಸುತ್ತ, “ಕಾಕಾ ನಿನ್ನೀನ ಸೊಲ್ಲಾಪುರದ ಬಜಾರಕ್ಕ ಹೋಗ್ಯಾರಲ್ಲೋ ತಮ್ಮಾ” ಎಂದಳು.

“ಮತ್ತ ನನ್ನ ಗಂಟು?”

“ಕಂಕುಳಾಗ ಇಟ್ಕೊಂಡೇ ಹೋದ್ರು. ‘ಹ್ಯಾಂಗೂ ಹೊಂಟೀನಿ, ಹುಡುಗಗ ಹೊರೀ ಕಡಿಮಿ ಆಗ್ತದ’ ಅಂದ್ರು.”

ಗಾಡಿ? ಅದನ್ನೂ ಸ್ಟೇಷನ್ನಿಗೇ ಒಯ್ದಿದ್ದರು. ಏಳು ಮೈಲಿ ಓಡಿದೆ, ನಡೆದೆ, ಕುಂಟಿದೆ. ಸ್ಟೇಷನ್ನಿನ ಛಾವಣಿ ಕಾಣುವ ಹೊತ್ತಿಗೆ ರೈಲಿನ ಕೊನೆಯ ಡಬ್ಬಿಯೂ ಕಂಡಿತು. ಅದು ಸೊಲ್ಲಾಪುರದ ಕಡೆಗೆ ಆರಾಮಾಗಿ ಹೋಗುತ್ತಿತ್ತು. ಮುಂದಿನ ರೈಲು ಬರುವವರೆಗೆ ಬೆಂಚಿನ ಮೇಲೆ ಕುಳಿತು ಮರವಡೆಯವರನ್ನು ಮನಸಾರೆ ಬೈದೆ. ಅವರು ನನಗೆ ಮಾಡಿದ ಅನ್ಯಾಯವಾದರೂ ಏನಿತ್ತು? ಆದರೂ ಅಳು ಬರುವಾಗ ಯಾರನ್ನಾದರೂ ಬೈಯಬೇಕಲ್ಲ.

ಗಿರಣಿ ಮುಟ್ಟಿದಾಗ ಹನ್ನೆರಡೂವರೆ. ಒಳಗೆ ಹೆಡ್ ಕ್ಲಾರ್ಕ್ ಸಾಹೇಬರ ಮೇಜಿನ ಎದುರು ಮಲ್ಕಪ್ಪ ಕಾಕಾ ತಲೆಗೆ ಪಟಗಾ ಸುತ್ತಿಕೊಂಡು ಠೀವಿಯಿಂದ ಕುಳಿತಿದ್ದರು. ಪಕ್ಕದ ಕುರ್ಚಿಯ ಮೇಲೆ ನನ್ನ ಗಂಟು! ನಡೆದದ್ದು ಇಷ್ಟು. ಕಾಕಾ ರಾತ್ರಿ ಬಜಾರದಲ್ಲೇ ಉಳಿದು, ಗಂಟಿನೊಳಗಿನ ಕಾಗದ ತೋರಿಸಿ ಗಿರಣಿ ಕೇಳಿಕೊಂಡು ಬಂದಿದ್ದಾರೆ. ಹನ್ನೊಂದಕ್ಕೆ ಸಿಪಾಯಿ ನನ್ನ ಹೆಸರು ಕೂಗಿದ್ದಾನೆ. ಕಾಕಾ ಎದ್ದು ನಿಂತು, ಗಂಟನ್ನು ಎರಡೂ ಕೈಯಲ್ಲಿ ಮೇಲೆತ್ತಿ, “ಹಾಜರ ಅದಾನ್ರೀ!” ಎಂದಿದ್ದಾರೆ. ಸಾಹೇಬರು ಕನ್ನಡಕ ಏರಿಸಿ “ಕುಠೆ ಆಹೆ? ಎಲ್ಲಿ ಅದಾನ?” ಎಂದರೆ, “ಇಲ್ಲೇ ಅದಾನ್ರಿ, ಸೋಮವಾರನ ಮನಿ ಬಿಟ್ಟಾನ. ಇದು ಪ್ರಸ್ಥಾನ. ದೇಹ ಹಿಂದಿನಿಂದ ಬರಾಕತ್ತದ” ಎಂದು ವಿವರಿಸಿದ್ದಾರೆ. ಪುಣ್ಯಕ್ಕೆ ಸಾಹೇಬರೂ ನಮ್ಮ ಸೀಮೆಯ ಮೈಂದರ್ಗಿಯವರೇ. ಅವರ ಮನೆಯಲ್ಲೂ ಪ್ರಸ್ಥಾನವಿಲ್ಲದೆ ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ.

ಏದುಸಿರು ಬಿಡುತ್ತ ನಿಂತ ನನ್ನನ್ನು ಅವರು ಅಡಿಯಿಂದ ಮುಡಿಯವರೆಗೆ ನೋಡಿ, “ಉಳಿದವರೆಲ್ಲಾ ಇವತ್ತ ಹೊಂಟು ಬಂದಾರ. ಎರಡ ದಿನಾ ಮೊದಲ ಹೊಂಟಾಂವ ನೀ ಒಬ್ಬನ. ಅಕ್ಷರ ಹ್ಯಾಂಗ ಅದಾವ ನೋಡೂಣು, ಬರಿ” ಎಂದು ಉಕ್ತಲೇಖನ ಕೊಟ್ಟರು. ಸರ್ಟಿಫಿಕೇಟು ಅರಿಶಿಣ ಹತ್ತಿ ಲಗ್ನಪತ್ರಿಕೆಯ ಹಾಗೆ ಕಾಣುತ್ತಿತ್ತು. ನೌಕರಿ ಸಿಕ್ಕಿತು. ಲಗ್ನಪತ್ರಿಕೆಯೂ ಮುದ್ರಣವಾಯಿತು. ಅಂದು ಕಾಕಾನ ಕಾಲು ಹಿಡಿದು ಅತ್ತುಬಿಟ್ಟೆ. ಅವರು, “ಹುಚ್ಚಾ, ಗಂಟ ಹಗುರ ಇತ್ತು” ಎಂದರು.

ಶಾಂತವ್ವ ಈಗಲೂ ಹೇಳುವುದುಂಟು: “ನಾ ಲಗ್ನಾ ಆಗಿದ್ದು ಆ ಗಂಟಿಗೆ ನೋಡ್ರಿ. ನೀವು ಹಿಂದಿನಿಂದ ಬಂದ್ರಿ.” ಅದಕ್ಕೇ ಪ್ರಸ್ಥಾನದ ಮೇಲೆ ಅವಳಿಗೆ ನನಗಿಂತ ಹೆಚ್ಚು ಭರವಸೆ. ನಾಳೆಯ ರವಿವಾರ ಅಮಾವಾಸ್ಯೆ ಎಂದು ಗೊತ್ತಾದದ್ದೇ, ಬುಧವಾರ ನಾನು ಆಫೀಸಿನಲ್ಲಿದ್ದಾಗ ಗಂಟು ಕಟ್ಟಿ ಪಕ್ಕದ ಮನೆಯ ಬಸಪ್ಪನವರಲ್ಲಿ ಇಟ್ಟುಬಂದಿದ್ದಾಳೆ. ಒಂದು ಧೋತರ, ಓದುವಾಗ ಹಾಕುವ ನನ್ನ ಚಾಳೀಸು, ಇಸವಿಗಳ ವಹಿ. ಬಸಪ್ಪನವರು ಗುರುವಾರ ಕಲಬುರ್ಗಿಗೆ ಹೊರಟವರು, ದಾರಿಯಲ್ಲೇ ಅಲ್ಲವೇ, ವಾಚನಾಲಯಕ್ಕೆ ಮುಟ್ಟಿಸಿದರಾಯಿತು ಎಂದು, ಗಂಟನ್ನೂ ಒಯ್ದಿದ್ದಾರೆ. ನನ್ನ ಇಸವಿಗಳೂ ಕಣ್ಣೂ ಹೋದದ್ದು ಹೀಗೆ. ಮಲ್ಕಪ್ಪ ಕಾಕಾ ಸತ್ತಿದ್ದಾರೆ ಎಂದುಕೊಂಡಿದ್ದೆ, ಆ ಜಾತಿಯ ಒಳ್ಳೆಯತನ ಸಾಯುವುದಿಲ್ಲ ಎಂದು ಕಾಣುತ್ತದೆ. ಹೋಗಲಿ, ಈಗ ಸ್ಟೇಷನ್ನಿನಿಂದ ಅಕ್ಕಲಕೋಟೆಗೆ ಮೋಟಾರು ಓಡುತ್ತದೆ, ನಾಳೆ ಹೋಗಿ ಗಂಟು ಬಿಡಿಸಿ ಭಾಷಣ ಮಾಡಿದರಾಯಿತು ಎಂದು ಸಮಾಧಾನ ತಂದುಕೊಂಡು, ಹೊಸ ಅಂಗಿಗೆ ಇಸ್ತ್ರಿಯನ್ನೂ ಹಾಕಿಸಿದ್ದೆ.

ಇಂದು ಬೆಳಿಗ್ಗೆ ಕಾರ್ಯದರ್ಶಿಗಳ ಕಾರ್ಡು ಬಂತು. ಚಾಳೀಸಿಲ್ಲದ್ದರಿಂದ ಹೆಂಡತಿಯೇ ಓದಬೇಕಾಯಿತು. “ನಿಮ್ಮ ಗಂಟು ಕ್ಷೇಮವಾಗಿ ಮುಟ್ಟಿದೆ. ವಹಿ ಬಹಳ ಚೆನ್ನಾಗಿದೆ, ಇಲ್ಲಿಯೇ ಒಬ್ಬರಿಂದ ಓದಿಸುತ್ತೇವೆ. ಅಮಾವಾಸ್ಯೆಯ ದಿನ ತಾವು ಬರುವ ತೊಂದರೆ ತೆಗೆದುಕೊಳ್ಳಬಾರದು. ಹಾರವನ್ನು ಗಂಟಿಗೇ ಹಾಕುತ್ತೇವೆ.” ಶಾಂತವ್ವ ಇದನ್ನು ಎರಡು ಸಲ ಓದಿದಳು. ಎರಡನೆಯ ಸಲ ಓದೆಂದು ನಾನು ಕೇಳಿರಲಿಲ್ಲ.